ಎರಡು ಕಾಪರ್ ಇದ್ದರೂ ‘ಕಾಪರ್ ಒನ್’ ಯಾಕೆ?

ಪ್ರಶ್ನೆ: ನಾನು ಉಡುಪಿಯಲ್ಲಿ ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮ. ಟೆಸ್ಟಿನಲ್ಲಿ ಸಿಯು₂ಓ ಸೂತ್ರಕ್ಕೆ ‘ಕಾಪರ್ ಟು ಆಕ್ಸೈಡ್’ ಅಂತಲೂ, ಸಿಯುಓ ಸೂತ್ರಕ್ಕೆ ‘ಕಾಪರ್ ಒನ್ ಆಕ್ಸೈಡ್’ ಅಂತಲೂ ಬರೆದೆ. ಎರಡೂ ಅದಲುಬದಲಾಗಿವೆ ಎಂದು ಮಾರ್ಕ್ಸ್ ಹೋಯಿತು. ಎರಡು ಕಾಪರ್ ಇರುವುದಕ್ಕೆ ಒನ್, ಒಂದೇ ಇರುವುದಕ್ಕೆ ಟು ಹೇಗಾಗುತ್ತದೆ? ಝಿಂಕ್‌ಗೆ ನಂಬರ್ ಬೇಡ ಅನ್ನುತ್ತಾರೆ, ಅದು ಯಾಕೆ? ಫೆರಸ್, ಫೆರಿಕ್ ಎಂಬ ಹಳೆಯ ಹೆಸರುಗಳನ್ನೂ ಕಲಿಯಬೇಕಾ? ಇನ್ನೊಂದು ಸಂಶಯ. ನಮ್ಮ ಅಡಿಕೆ ತೋಟಕ್ಕೆ ತರುವ ಮೈಲುತುತ್ತಿನ ಚೀಲದ ಮೇಲೆ ಬರೀ ‘ಕಾಪರ್ ಸಲ್ಫೇಟ್’ ಎಂದಿದೆ. ಅದು ಯಾವ ಕಾಪರ್?
ಒಬ್ಬ ವಿದ್ಯಾರ್ಥಿನಿ, ಕಾರ್ಕಳದ ಹತ್ತಿರ

ಉತ್ತರ: ಸಿಯು₂ಓ ಹೆಸರಿನಲ್ಲಿರುವ ‘ಒನ್’ ಕಾಪರ್ ಎಷ್ಟಿವೆ ಎಂಬ ಎಣಿಕೆ ಅಲ್ಲ. ಒಂದೊಂದು ಕಾಪರ್ ಅಯಾನಿನ (ಅಂದರೆ ಚಾರ್ಜ್ ಹೊತ್ತ ಪರಮಾಣುವಿನ) ಮೇಲೆ ಎಷ್ಟು ಪ್ಲಸ್ ಚಾರ್ಜ್ ಇದೆ ಎಂಬ ಲೆಕ್ಕ. ನಿಮ್ಮ ಗೊಂದಲದ ಬೇರು ಇಲ್ಲೇ ಇದೆ. ಸೂತ್ರದಲ್ಲಿ ಕೆಳಗೆ ಬರೆಯುವ ಸಣ್ಣ ಅಂಕಿ ‘ಎಷ್ಟು ಇವೆ’ ಎಂದು ಹೇಳುತ್ತದೆ. ಹೆಸರಿನ ಬ್ರಾಕೆಟ್ಟಿನೊಳಗೆ ಬರೆಯುವ ರೋಮನ್ ಅಂಕಿ ‘ಒಂದೊಂದರ ಮೇಲೆ ಎಷ್ಟು’ ಎಂದು ಹೇಳುತ್ತದೆ. ನೀವು ಮೊದಲನೆಯದನ್ನು ಎತ್ತಿ ಎರಡನೆಯದರ ಜಾಗದಲ್ಲಿ ಇಟ್ಟಿದ್ದೀರಿ. ಪ್ರತಿ ವರ್ಷ ಕ್ಲಾಸಿನಲ್ಲಿ ಇದೇ ತಪ್ಪನ್ನು ನೋಡುತ್ತೇನೆ. ಚೆನ್ನಾಗಿ ಓದುವ ಮಕ್ಕಳೂ ಇಲ್ಲೇ ಎಡವುತ್ತಾರೆ.

(ಇಲ್ಲಿ ಸೂತ್ರಗಳನ್ನು ನಾವು ಬಾಯಲ್ಲಿ ಓದಿ ಹೇಳುವ ಹಾಗೆ ಬರೆದಿದ್ದೇನೆ. ನೋಟ್‌ಬುಕ್ಕಿನಲ್ಲಿ ಮಾಮೂಲಿ ಚಿಹ್ನೆಗಳಲ್ಲೇ ಬರೆಯಿರಿ. ಹಾಗೆಯೇ ‘ಕಾಪರ್ ಒನ್’ ಎಂದು ಇಲ್ಲಿ ಇರುವ ಕಡೆ ನೀವು ರೋಮನ್ ಒಂದನ್ನು ಬ್ರಾಕೆಟ್ಟಿನಲ್ಲಿ ಹಾಕಬೇಕು. ಲೋಹದ ಹೆಸರಿಗೂ ಬ್ರಾಕೆಟ್ಟಿಗೂ ನಡುವೆ ಜಾಗ ಬಿಡಬೇಡಿ.)

ಹಾಗಾದರೆ ಕಾಪರ್ ಮೇಲಿನ ಚಾರ್ಜ್ ಎಷ್ಟು ಅಂತ ತಿಳಿಯುವುದು ಹೇಗೆ? ಕಾಪರನ್ನು ನೋಡುತ್ತಾ ಕೂತರೆ ತಿಳಿಯುವುದಿಲ್ಲ. ಅದರ ಜೊತೆಗಿರುವ ಋಣ ಅಯಾನನ್ನು ಕೇಳಬೇಕು. ಯಾಕೆಂದರೆ ಅದು ಬದಲಾಗುವುದಿಲ್ಲ. ನೀವು ನೋಡುವ ಇಂಥ ಸಂಯುಕ್ತಗಳಲ್ಲಿ ಆಕ್ಸೈಡ್ ಮೈನಸ್ 2, ಸಲ್ಫೈಡ್ ಮೈನಸ್ 2, ಕ್ಲೋರೈಡ್ ಮೈನಸ್ 1. ಸಲ್ಫೇಟ್ ಮೈನಸ್ 2, ನೈಟ್ರೇಟ್ ಮೈನಸ್ 1, ಹೈಡ್ರಾಕ್ಸೈಡ್ ಮೈನಸ್ 1, ಕಾರ್ಬನೇಟ್ ಮೈನಸ್ 2, ಫಾಸ್ಫೇಟ್ ಮೈನಸ್ 3. ಇವಿಷ್ಟನ್ನು ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಇಡೀ ಸಂಯುಕ್ತದ ಒಟ್ಟು ಚಾರ್ಜ್ ಸೊನ್ನೆ. ಅಂದರೆ ಮೈನಸ್ ಎಷ್ಟಿದೆಯೋ ಪ್ಲಸ್ ಅಷ್ಟೇ ಇರಬೇಕು.

ಈಗ ನಿಮ್ಮ ಸಿಯುಓ ನೋಡಿ. ಒಂದು ಆಕ್ಸೈಡ್, ಮೈನಸ್ 2. ಅದನ್ನು ಸರಿದೂಗಿಸಲು ಇರುವುದು ಒಂದೇ ಕಾಪರ್. ಹಾಗಾಗಿ ಆ ಒಂದೇ ಕಾಪರ್ ಪ್ಲಸ್ 2 ಆಗಲೇಬೇಕು. ಹೆಸರು ಕಾಪರ್ ಟು ಆಕ್ಸೈಡ್. ಸಿಯು₂ಓದಲ್ಲೂ ಆಕ್ಸೈಡ್ ಒಂದೇ, ಮೈನಸ್ ಎರಡೇ. ಆದರೆ ಕಾಪರ್ ಎರಡಿವೆ. ತಲಾ ಪ್ಲಸ್ 1 ಸಾಕು. ಹೆಸರು ಕಾಪರ್ ಒನ್ ಆಕ್ಸೈಡ್. ಇಬ್ಬರು ಗೆಳತಿಯರು ಹೋಟೆಲಿಗೆ ಹೋಗಿ ಗೋಳಿಬಜೆ ತಿಂದು ಬಿಲ್ ಸಮ ಸಮ ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಕಡಿಮೆ ಆಗುತ್ತದೆ ಅಲ್ವಾ? ಅಷ್ಟೇ ಲೆಕ್ಕ. ಬಿಲ್ ಅಂದರೆ ಋಣ ಅಯಾನುಗಳ ಒಟ್ಟು ಮೈನಸ್. ರೋಮನ್ ಅಂಕಿ ಅಂದರೆ ಒಬ್ಬೊಬ್ಬರು ಕೊಟ್ಟ ಪಾಲು.

ಇವೆರಡು ಬರೀ ಪುಸ್ತಕದ ಹೆಸರುಗಳಲ್ಲ. ಕಾಪರ್ ಒನ್ ಆಕ್ಸೈಡ್ ಇಟ್ಟಿಗೆಯಂತೆ ಕೆಂಪು. ಕಾಪರ್ ಟು ಆಕ್ಸೈಡ್ ಕಪ್ಪು. ಒಂದೇ ಲೋಹ, ಒಂದೇ ಆಕ್ಸಿಜನ್. ಚಾರ್ಜ್ ಬದಲಾದರೆ ವಸ್ತುವೇ ಬೇರೆ.

ಇಲ್ಲಿ ಇನ್ನೊಂದು ಹೊಂಡದ ಬಗ್ಗೆ ಎಚ್ಚರಿಸುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ವೇಲೆನ್ಸಿಗಳನ್ನು ಅಡ್ಡ ದಾಟಿಸಿ ಸೂತ್ರ ಬರೆಯುವುದನ್ನು ಕಲಿಸಿರುತ್ತಾರೆ. ಅಲ್ಯೂಮಿನಿಯಂ 3, ಆಕ್ಸಿಜನ್ 2, ದಾಟಿಸಿದರೆ ಎಎಲ್₂ಓ₃. ಹೆಸರಿನಿಂದ ಸೂತ್ರಕ್ಕೆ ಹೋಗುವಾಗ ಅದು ಒಳ್ಳೆಯ ಉಪಾಯ. ಆದರೆ ಸೂತ್ರದಿಂದ ಹೆಸರಿಗೆ ವಾಪಸ್ ಬರುವಾಗ ಅದನ್ನೇ ತಿರುಗಿಸಿ ಮಾಡಬೇಡಿ. ಎಫ್‌ಇ₂ಓ₃ದಲ್ಲಿ ತಿರುಗಿಸಿ ದಾಟಿಸಿದರೆ ಐರನ್ 3 ಅಂತ ಸರಿಯಾಗಿಯೇ ಸಿಗುತ್ತದೆ. ಅದನ್ನು ನೋಡಿ ನಂಬಿಕೆ ಬಂದುಬಿಡುತ್ತದೆ. ಆಮೇಲೆ ಎಂಎನ್ಓ₂ ಬರುತ್ತದೆ. ತಿರುಗಿಸಿ ದಾಟಿಸಿದರೆ ಮ್ಯಾಂಗನೀಸ್ 2, ಆಕ್ಸಿಜನ್ 1. ಆಕ್ಸೈಡ್ ಎಂದಾದರೂ ಮೈನಸ್ 1 ಆಗುತ್ತದಾ? ಇಲ್ಲ. ಎರಡು ಆಕ್ಸೈಡ್, ಒಟ್ಟು ಮೈನಸ್ 4, ಮ್ಯಾಂಗನೀಸ್ ಒಂದೇ. ಹಾಗಾಗಿ ಅದು ಮ್ಯಾಂಗನೀಸ್ ಫೋರ್ ಆಕ್ಸೈಡ್. ಹಳೆಯ ಟಾರ್ಚ್ ಸೆಲ್ ಒಡೆದರೆ ಸಿಗುವ ಕಪ್ಪು ಪುಡಿಯಲ್ಲಿ ಇದು ಇರುತ್ತದೆ. ತಪ್ಪಾಗಲು ಕಾರಣ, ಸೂತ್ರ ಬರೆಯುವಾಗ ನಾವು 2 ಮತ್ತು 4ನ್ನು 1 ಮತ್ತು 2ಕ್ಕೆ ಇಳಿಸಿರುತ್ತೇವೆ. ಇಳಿಸಿದ ಮೇಲೆ ಹಳೆಯ ಲೆಕ್ಕದ ಗುರುತು ಸೂತ್ರದಲ್ಲಿ ಉಳಿಯುವುದಿಲ್ಲ. ಋಣ ಅಯಾನಿನಲ್ಲಿ ಮಾತ್ರ ಉಳಿದಿರುತ್ತದೆ.

ಸ್ವಲ್ಪ ದೊಡ್ಡದೊಂದನ್ನು ನಿಧಾನವಾಗಿ ಬಿಡಿಸೋಣ. ಎಫ್‌ಇ₂(ಎಸ್ಓ₄)₃ ಅಂತ ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಅಂಕಿಗಳ ರಾಶಿ ನೋಡಿಯೇ ಹೆದರಿಕೆ ಆಗುತ್ತದೆ. ಪೆನ್ಸಿಲಿನಲ್ಲಿ ಲೋಹಕ್ಕೂ ಉಳಿದದ್ದಕ್ಕೂ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯ ಎಡಕ್ಕೆ ಎರಡು ಐರನ್. ಬಲಕ್ಕೆ ಬ್ರಾಕೆಟ್ಟಿನೊಳಗೆ ಒಂದು ಗಂಟು. ಆ ಗಂಟನ್ನು ಬಿಚ್ಚಬೇಡಿ. ಎಸ್ಓ₄ ಎಂಬುದು ಸಲ್ಫೇಟ್ ಎಂಬ ಒಂದೇ ಅಯಾನು. ಒಳಗಿನ 4 ಅದರ ಮನೆಯ ವಿಷಯ, ನಮಗೆ ಈಗ ಬೇಡ. ಬ್ರಾಕೆಟ್ಟಿನ ಹೊರಗಿನ 3 ಮಾತ್ರ ಬೇಕು. ಮೂರು ಸಲ್ಫೇಟ್, ತಲಾ ಮೈನಸ್ 2, ಒಟ್ಟು ಮೈನಸ್ 6. ಎಡಕ್ಕೆ ಬನ್ನಿ. ಪ್ಲಸ್ 6ನ್ನು ಎರಡು ಐರನ್ ಹಂಚಿಕೊಳ್ಳಬೇಕು. ತಲಾ 3. ಹೆಸರು ಐರನ್ ತ್ರೀ ಸಲ್ಫೇಟ್. ಇಲ್ಲಿ ‘ಡೈ ಐರನ್’, ‘ಟ್ರೈ ಸಲ್ಫೇಟ್’ ಅಂತೆಲ್ಲ ಸೇರಿಸಬೇಡಿ. ಡೈ, ಟ್ರೈ ಹಾಕುವ ಪದ್ಧತಿ ನಿಮ್ಮ ಪಾಠದಲ್ಲಿ ಬರುವುದು ಅಲೋಹಗಳ ನಡುವಿನ ಸಂಯುಕ್ತಗಳಿಗೆ, ಕಾರ್ಬನ್ ಡೈಆಕ್ಸೈಡಿಗೆ ಹಾಕುವ ಹಾಗೆ. ಮ್ಯಾಂಗನೀಸ್ ಡೈಆಕ್ಸೈಡ್, ಟೈಟೇನಿಯಂ ಡೈಆಕ್ಸೈಡ್ ಎಂಬ ಹೆಸರುಗಳು ವ್ಯಾಪಾರದಲ್ಲಿ, ಪೇಂಟ್ ಡಬ್ಬಿಯ ಮೇಲೆ ಈಗಲೂ ಇವೆ, ನಿಜ. ಪರೀಕ್ಷೆಯಲ್ಲಿ ಅಯಾನಿಕ ಸಂಯುಕ್ತದ ಹೆಸರು ಕೇಳಿದರೆ ರೋಮನ್ ಅಂಕಿಯ ಹೆಸರನ್ನೇ ಬರೆಯಿರಿ.

ಹೆಸರು ಕೊಟ್ಟು ಸೂತ್ರ ಕೇಳಿದರೆ ಕೆಲಸ ಇನ್ನೂ ಸುಲಭ. ಲೋಹದ ಚಾರ್ಜ್ ಎಷ್ಟೆಂದು ಹೆಸರೇ ಹೇಳಿಬಿಡುತ್ತದೆ. ಕಾಪರ್ ಟು ನೈಟ್ರೇಟ್ ಅಂದರೆ ಪ್ಲಸ್ 2. ನೈಟ್ರೇಟ್ ಮೈನಸ್ 1. ಹಾಗಾಗಿ ಎರಡು ನೈಟ್ರೇಟ್ ಬೇಕು, ಸಿಯು(ಎನ್ಓ₃)₂. ಬ್ರಾಕೆಟ್ ಮರೆತರೆ ಎನ್ಓ₃₂ ಆಗಿ ಮೂವತ್ತೆರಡು ಆಕ್ಸಿಜನ್ ಬಂದುಬಿಡುತ್ತದೆ. ಮಾರ್ಕ್ಸ್ ಹೋಗುವುದು ಜಾಸ್ತಿ ಇಲ್ಲಿಯೇ. ಒಂದೇ ಒಂದು ಸಲ್ಫೇಟೋ ನೈಟ್ರೇಟೋ ಇದ್ದರೆ ಬ್ರಾಕೆಟ್ ಬೇಡ. ಎರಡಾದ ಕೂಡಲೇ ಬೇಕೇ ಬೇಕು. ಇಂಗ್ಲಿಷ್ ಅಕ್ಷರಗಳ ದೊಡ್ಡದು ಸಣ್ಣದರ ಮೇಲೂ ಕಣ್ಣಿಡಿ. ಕೋಬಾಲ್ಟಿನ ಎರಡನೇ ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮ್ಯಾಂಗನೀಸ್ ಮತ್ತು ಮೆಗ್ನೀಸಿಯಂ ಚಿಹ್ನೆಗಳು ಮೊದಮೊದಲು ಅದಲುಬದಲಾಗುತ್ತವೆ. ಎಂಎನ್ ಮ್ಯಾಂಗನೀಸ್, ಎಂಜಿ ಮೆಗ್ನೀಸಿಯಂ. ನಾಲ್ಕು ದಿನ ಕೈಯಲ್ಲಿ ಬರೆದರೆ ಕೂರುತ್ತದೆ.

ಇನ್ನು ಝಿಂಕ್. ಅದಕ್ಕೆ ಮೊದಲು, ಐರನ್ನಿಗೆ ನಂಬರ್ ಯಾಕೆ ಬೇಕು ಅಂತ ನೋಡಬೇಕು. ಸೋಡಿಯಂನಿಂದ ಒಂದು ಇಲೆಕ್ಟ್ರಾನ್ ಕೀಳಲು ಮೋಲ್‌ಗೆ ಸುಮಾರು 500 ಕಿಲೋಜೂಲ್ ಸಾಕು. ಎರಡನೆಯದನ್ನು ಕೀಳಲು ಸುಮಾರು 4,560 ಕಿಲೋಜೂಲ್ ಬೇಕು. ಒಂಬತ್ತು ಪಟ್ಟು! ಆದ್ದರಿಂದ ಸೋಡಿಯಂ ಯಾವಾಗಲೂ ಪ್ಲಸ್ 1, ನಂಬರ್ ಹಾಕುವ ಅಗತ್ಯವೇ ಇಲ್ಲ. ಐರನ್ ಹಾಗಲ್ಲ. ಮೊದಲನೆಯದಕ್ಕೆ ಸುಮಾರು 760, ಎರಡನೆಯದಕ್ಕೆ 1,560, ಮೂರನೆಯದಕ್ಕೆ 2,960 ಕಿಲೋಜೂಲ್. ಮೆಟ್ಟಿಲುಗಳು ಏರುತ್ತಾ ಹೋಗುತ್ತವೆ, ಆದರೆ ನಡುವೆ ಅಂಥ ದೊಡ್ಡ ಗೋಡೆ ಇಲ್ಲ. ಸೋಡಿಯಂನ ಎರಡನೆಯದಕ್ಕಿಂತ ಐರನ್ನಿನ ಮೂರನೆಯದೇ ಸುಲಭ. ಕಾರಣ, ಹೊರಗಿನ 4ಎಸ್ ಇಲೆಕ್ಟ್ರಾನುಗಳಿಗೂ ಒಳಗಿನ 3ಡಿ ಇಲೆಕ್ಟ್ರಾನುಗಳಿಗೂ ಶಕ್ತಿಯಲ್ಲಿ ಹೆಚ್ಚು ಅಂತರ ಇಲ್ಲ. ಐರನ್ ಮೊದಲು 4ಎಸ್‌ನ ಎರಡನ್ನು ಬಿಟ್ಟುಕೊಡುತ್ತದೆ, ಪ್ಲಸ್ 2 ಆಗುತ್ತದೆ. ಸಂದರ್ಭ ಬಂದರೆ 3ಡಿಯಿಂದಲೂ ಒಂದನ್ನು ಕೊಟ್ಟು ಪ್ಲಸ್ 3 ಆಗುತ್ತದೆ. ಟ್ರಾನ್ಸಿಶನ್ ಲೋಹಗಳ, ಅಂದರೆ ಆವರ್ತ ಕೋಷ್ಟಕದ ನಡುಭಾಗದಲ್ಲಿರುವ ಐರನ್, ಕಾಪರ್‌ನಂಥ ಲೋಹಗಳ ಸ್ವಭಾವವೇ ಇದು.

ಸಂದರ್ಭ ಅಂದೆನಲ್ಲ, ಅದನ್ನು ನಮ್ಮ ಊರಿನಲ್ಲಿ ಕಣ್ಣಾರೆ ನೋಡಬಹುದು. ಕೆಲವು ಬೋರ್‌ವೆಲ್‌ಗಳ ನೀರು ಬಕೆಟ್ಟಿಗೆ ಬೀಳುವಾಗ ತಿಳಿಯಾಗಿ ಇರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ತುಕ್ಕಿನ ಬಣ್ಣ. ಮರುದಿನ ಬಕೆಟ್ಟಿನ ತಳದಲ್ಲಿ ಕಂದು ಕೆಸರು. ನೆಲದ ಆಳದಲ್ಲಿ ಗಾಳಿ ಇಲ್ಲದ ಕಡೆ ಕಬ್ಬಿಣ ಪ್ಲಸ್ 2 ಆಗಿ ನೀರಿನಲ್ಲಿ ಕರಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಮೇಲೆ ಬಂದು ಗಾಳಿ ತಾಗಿದಾಗ ಪ್ಲಸ್ 3 ಆಗುತ್ತದೆ. ಪ್ಲಸ್ 3ರ ಹೈಡ್ರಾಕ್ಸೈಡ್ ನೀರಿನಲ್ಲಿ ಕರಗುವುದಿಲ್ಲ, ತಳದಲ್ಲಿ ಕೂರುತ್ತದೆ. ಬಿಳಿ ಟೈಲ್ಸಿನ ಮೇಲೆ, ಬಟ್ಟೆಯ ಮೇಲೆ ಕಲೆ ಮಾಡುವುದು ಅದೇ. ನಮ್ಮ ಮುರಕಲ್ಲಿನ ಕೆಂಪಿಗೂ, ಮಂಗಳೂರು ಹಂಚಿನ ಕೆಂಪಿಗೂ ಕಾರಣ ಪ್ಲಸ್ 3 ಆದ ಕಬ್ಬಿಣವೇ. ಬರೀ ‘ಐರನ್’ ಎಂದರೆ ಇವುಗಳಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ನಂಬರ್.

ಝಿಂಕಿನಲ್ಲಿ 3ಡಿ ಪೂರ್ತಿ ತುಂಬಿದೆ, ಹತ್ತೂ ಇಲೆಕ್ಟ್ರಾನುಗಳು ಭದ್ರವಾಗಿ ಕೂತಿವೆ. ಅದು 4ಎಸ್‌ನ ಎರಡನ್ನು ಕೊಟ್ಟು ನಿಲ್ಲುತ್ತದೆ. ನೀವು ಕಾಣುವ ಝಿಂಕ್ ಸಂಯುಕ್ತಗಳಲ್ಲೆಲ್ಲ ಪ್ಲಸ್ 2. ಹಾಗಾಗಿ ಝಿಂಕ್ ಕ್ಲೋರೈಡ್ ಅಂದರೆ ಸಾಕು, ಝಡ್‌ಎನ್‌ಸಿಎಲ್₂ ಅಂತ ಯಾರಿಗೂ ತಿಳಿಯುತ್ತದೆ. ಸಿಲ್ವರ್ ಕೂಡ ಹಾಗೆಯೇ, ಸಾಮಾನ್ಯವಾಗಿ ಪ್ಲಸ್ 1. ಸಿಲ್ವರ್ ನೈಟ್ರೇಟ್‌ಗೆ ನಂಬರ್ ಹಾಕುವ ರೂಢಿ ಇಲ್ಲ. ಕ್ಯಾಡ್ಮಿಯಂ ಪ್ಲಸ್ 2. ಈ ಮೂರನ್ನು ನೆನಪಿಟ್ಟುಕೊಳ್ಳಿ. ಇದರ ಉಲ್ಟಾ ಕೂಡ ಉಂಟು. ಟಿನ್, ಲೆಡ್ ಟ್ರಾನ್ಸಿಶನ್ ಲೋಹಗಳಲ್ಲ, ಆದರೂ ಅವು 2 ಮತ್ತು 4 ಎರಡೂ ಆಗುತ್ತವೆ. ಅವಕ್ಕೆ ನಂಬರ್ ಬೇಕು. ‘ಟ್ರಾನ್ಸಿಶನ್ ಆದರೆ ನಂಬರ್, ಅಲ್ಲದಿದ್ದರೆ ಇಲ್ಲ’ ಎಂದು ಯಾರಾದರೂ ಸುಲಭದ ಸೂತ್ರ ಕೊಟ್ಟರೆ ಒಪ್ಪಬೇಡಿ. ಲೋಹಕ್ಕೆ ಒಂದಕ್ಕಿಂತ ಹೆಚ್ಚು ಚಾರ್ಜ್ ಸಾಧ್ಯವಾ ಎಂಬುದೊಂದೇ ಪ್ರಶ್ನೆ.

ಫೆರಸ್, ಫೆರಿಕ್ ಕಲಿಯಬೇಕಾ ಎಂದು ಕೇಳಿದ್ದೀರಿ. ಕಲಿಯಿರಿ. ಪರೀಕ್ಷೆಗಾಗಿ ಮಾತ್ರ ಅಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಕಬ್ಬಿಣದ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ, ಎಷ್ಟೋ ಮಾತ್ರೆಗಳ ಮೇಲೆ ‘ಫೆರಸ್’ ಎಂದೇ ಇರುತ್ತದೆ. ಲ್ಯಾಬಿನ ಹಳೆಯ ಬಾಟಲಿಗಳ ಮೇಲೂ ಇದೇ ಹೆಸರುಗಳು. ಕಡಿಮೆ ಚಾರ್ಜ್ ಇದ್ದರೆ ಕೊನೆಗೆ ‘ಅಸ್’, ಜಾಸ್ತಿ ಇದ್ದರೆ ‘ಇಕ್’. ಫೆರಸ್ ಅಂದರೆ ಐರನ್ ಟು, ಫೆರಿಕ್ ಅಂದರೆ ಐರನ್ ತ್ರೀ. ಆದರೆ ಈ ಪದ್ಧತಿಯಲ್ಲಿ ಒಂದು ದೊಡ್ಡ ಕೊರತೆ ಇದೆ. ಕಡಿಮೆ, ಜಾಸ್ತಿ ಎಂದು ಹೇಳುತ್ತದೆಯೇ ಹೊರತು ಎಷ್ಟು ಎಂದು ಹೇಳುವುದಿಲ್ಲ. ಕಾಪರ್‌ನಲ್ಲಿ ಕುಪ್ರಸ್ ಅಂದರೆ ಪ್ಲಸ್ 1, ಕುಪ್ರಿಕ್ ಅಂದರೆ ಪ್ಲಸ್ 2. ಅಂದರೆ ‘ಇಕ್’ ಆದ ಕುಪ್ರಿಕ್‌ಗೂ ‘ಅಸ್’ ಆದ ಫೆರಸ್‌ಗೂ ಒಂದೇ ಚಾರ್ಜ್! ಇನ್ನು ಮ್ಯಾಂಗನೀಸಿಗೆ ಏನು ಮಾಡುವುದು? ಅದು 2, 3, 4, 6, 7 ಇಷ್ಟೆಲ್ಲ ಸ್ಥಿತಿಗಳಲ್ಲಿ ಸಿಗುತ್ತದೆ. ಎರಡು ಬಾಲಗಳಲ್ಲಿ ಐದನ್ನು ಹೇಳಲು ಸಾಧ್ಯವೇ ಇಲ್ಲ. ಜರ್ಮನಿಯ ರಸಾಯನ ವಿಜ್ಞಾನಿ ಆಲ್ಫ್ರೆಡ್ ಸ್ಟಾಕ್ ಎಂಬವರು 1919ರಲ್ಲಿ ನಂಬರನ್ನೇ ನೇರವಾಗಿ ಹೆಸರಿನೊಳಗೆ ಬರೆಯೋಣ ಎಂದು ಸೂಚಿಸಿದರು. ನೀವು ಈಗ ಕಲಿಯುತ್ತಿರುವುದು ಅವರ ಪದ್ಧತಿ. ನನ್ನ ಮಟ್ಟಿಗೆ ಇದು ಹೆಸರಿಡುವ ವಿಷಯದಲ್ಲಿ ರಸಾಯನಶಾಸ್ತ್ರ ಮಾಡಿದ ಅತ್ಯಂತ ಪ್ರಾಮಾಣಿಕ ಸುಧಾರಣೆ. ಹೆಸರು ಓದಿದರೆ ಸೂತ್ರ ಬರೆಯಬಹುದು, ಸೂತ್ರ ನೋಡಿದರೆ ಹೆಸರು ಹೇಳಬಹುದು. ಬಾಯಿಪಾಠದ ಹೊರೆ ಅರ್ಧಕ್ಕರ್ಧ ಇಳಿಯಿತು.

ಸ್ಟಾಕ್ ಅವರ ವಿಷಯ ಬಂದಾಗ ಪಾದರಸದ ಬಗ್ಗೆ ಹೇಳದೆ ಇರಲಾರೆ. ಲ್ಯಾಬಿನಲ್ಲಿ ಪಾದರಸದೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿ ಅದರ ಆವಿಯಿಂದ ಅವರ ಆರೋಗ್ಯ ಕೆಟ್ಟಿತ್ತು. ಆ ಅಪಾಯವನ್ನು 1926ರಲ್ಲಿ ಅವರೇ ಬರೆದು ಪ್ರಕಟಿಸಿ ಉಳಿದವರನ್ನು ಎಚ್ಚರಿಸಿದರು. ಪಾದರಸದ ಎರಡು ಕ್ಲೋರೈಡುಗಳಿವೆ. ಮರ್ಕ್ಯುರಿ ಒನ್ ಕ್ಲೋರೈಡ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಕ್ಯಾಲೋಮೆಲ್ ಎಂಬ ಹೆಸರಿನಲ್ಲಿ ಅದನ್ನು ಹಿಂದೆ ಹೊಟ್ಟೆ ಸಾಫ್ ಆಗಲು ಔಷಧವಾಗಿ ಕೊಡುತ್ತಿದ್ದರು. ಅದೂ ಒಳ್ಳೆಯದಲ್ಲ ಎಂದು ಆಮೇಲೆ ಗೊತ್ತಾಗಿ ಬಿಟ್ಟರು. ಮರ್ಕ್ಯುರಿ ಟು ಕ್ಲೋರೈಡ್ ನೀರಿನಲ್ಲಿ ಕರಗುವ ಘೋರ ವಿಷ. ಹೆಸರಿನಲ್ಲಿ ವ್ಯತ್ಯಾಸ ಒಂದು ಗೆರೆ ಮಾತ್ರ, ರೋಮನ್ ಒಂದು ಮತ್ತು ರೋಮನ್ ಎರಡು. ಬ್ರಾಕೆಟ್ಟಿನ ಅಂಕಿಯನ್ನು ‘ಇದ್ದರೂ ಆಯಿತು, ಇಲ್ಲದಿದ್ದರೂ ಆಯಿತು’ ಎಂದು ನೋಡಬೇಡಿ ಎನ್ನುವುದು ಇದಕ್ಕೇ.

ಮರ್ಕ್ಯುರಿ ಒನ್‌ನಲ್ಲಿ ಪರೀಕ್ಷಕರಿಗೆ ಇಷ್ಟವಾದ ಒಂದು ತಿರುವು ಕೂಡ ಇದೆ. ಎರಡು ಪಾದರಸದ ಪರಮಾಣುಗಳು ಒಂದಕ್ಕೊಂದು ಕೈ ಹಿಡಿದು ಜೋಡಿಯಾಗಿಯೇ ಇರುತ್ತವೆ. ಜೋಡಿಯ ಮೇಲೆ ಒಟ್ಟು ಪ್ಲಸ್ 2, ಅಂದರೆ ತಲಾ 1. ಆದ್ದರಿಂದ ಸೂತ್ರ ಎಚ್‌ಜಿ₂ಸಿಎಲ್₂. ಎರಡೂ ಕಡೆ 2 ಇದೆ ಎಂದು ಇಳಿಸಿ ಎಚ್‌ಜಿಸಿಎಲ್ ಎಂದು ಬರೆದರೆ ತಪ್ಪು. ನಿಮ್ಮ ಪಾಠದ ಲೋಹಗಳಲ್ಲಿ ಹೀಗೆ ಇಳಿಸಬಾರದ್ದು ಇದೊಂದೇ. ಇದೊಂದು ಅಪವಾದ ಎಂದು ಗುರುತು ಹಾಕಿಕೊಳ್ಳಿ.

ಈಗ ನಿಮ್ಮ ತೋಟದ ಚೀಲ. ನೀವು ಅದನ್ನು ಕೇಳಿದ್ದು ನನಗೆ ತುಂಬಾ ಇಷ್ಟವಾಯಿತು. ಮೈಲುತುತ್ತು ಕಾಪರ್ ಟು ಸಲ್ಫೇಟ್. ಸಲ್ಫೇಟ್ ಮೈನಸ್ 2, ಕಾಪರ್ ಒಂದೇ, ಹಾಗಾಗಿ ಪ್ಲಸ್ 2. ಅಂಗಡಿಯಲ್ಲಿ ನಂಬರ್ ಬಿಡುವುದಕ್ಕೆ ಕಾರಣ ಇದೆ. ಕಾಪರ್ ಒನ್ ಸಲ್ಫೇಟ್ ನೀರು ತಾಗಿದರೆ ನಿಲ್ಲುವುದಿಲ್ಲ, ತಾಮ್ರವೂ ಕಾಪರ್ ಟು ಸಲ್ಫೇಟೂ ಆಗಿ ಒಡೆದುಹೋಗುತ್ತದೆ. ಮಾರುಕಟ್ಟೆಯಲ್ಲಿ ಕಾಪರ್ ಸಲ್ಫೇಟ್ ಎಂದರೆ ಇದೊಂದೇ, ಗೊಂದಲಕ್ಕೆ ಜಾಗ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ನಂಬರ್ ಬಿಡಬೇಡಿ.

ಆದರೆ ಚೀಲದಲ್ಲಿರುವ ನೀಲಿ ಹರಳು ಬರೀ ಸಿಯುಎಸ್ಓ₄ ಅಲ್ಲ. ಒಂದೊಂದು ಕಾಪರ್ ಸಲ್ಫೇಟಿಗೆ ಐದೈದು ನೀರಿನ ಅಣುಗಳು ಹರಳಿನೊಳಗೆ ಕಟ್ಟಿಕೊಂಡಿವೆ. ಬರೆಯುವಾಗ ಸಿಯುಎಸ್ಓ₄, ಮಧ್ಯದಲ್ಲಿ ಒಂದು ಚುಕ್ಕಿ, ಆಮೇಲೆ 5ಎಚ್₂ಓ. ಹೆಸರು ಕಾಪರ್ ಟು ಸಲ್ಫೇಟ್ ಪೆಂಟಾಹೈಡ್ರೇಟ್. ನೀರಿಗೆ ಚಾರ್ಜ್ ಇಲ್ಲ, ಹಾಗಾಗಿ ರೋಮನ್ ಅಂಕಿಯ ಲೆಕ್ಕದಲ್ಲಿ ಅದನ್ನು ಸೇರಿಸಬಾರದು. ಲ್ಯಾಬಿನಲ್ಲಿ ಒಣ ಟೆಸ್ಟ್‌ಟ್ಯೂಬಿನಲ್ಲಿ ಎರಡು ಹರಳು ಹಾಕಿ ಕಾಯಿಸಿದರೆ ನೀರು ಹೋಗಿ ಬಿಳಿ ಪುಡಿ ಉಳಿಯುತ್ತದೆ. ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಅನ್ನಭೇದಿ ಎಂದು ಕರೆಯುವ ಹಸಿರು ಹರಳು ಇದರ ನೆಂಟ, ಐರನ್ ಟು ಸಲ್ಫೇಟ್ ಹೆಪ್ಟಾಹೈಡ್ರೇಟ್, ಅದಕ್ಕೆ ಏಳು ನೀರು.

ನಿಮ್ಮ ಮನೆಯಲ್ಲಿ ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡುವಾಗ ಹತ್ತಿರ ನಿಂತು ನೋಡಿ. ಶೇ. 1ರ ಬೋರ್ಡೋ ದ್ರಾವಣಕ್ಕೆ ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುತ್ತಾರೆ. ಸುಣ್ಣದ ನೀರೆಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸರಳವಾಗಿ ಹೇಳುವುದಾದರೆ ಕಾಪರ್ ಟು ಹೈಡ್ರಾಕ್ಸೈಡ್ ಮತ್ತು ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತವೆ. ಸೂತ್ರ ಬರೆಯಿರಿ ನೋಡೋಣ: ಕಾಪರ್ ಪ್ಲಸ್ 2, ಹೈಡ್ರಾಕ್ಸೈಡ್ ಮೈನಸ್ 1, ಹಾಗಾಗಿ ಸಿಯು(ಓಎಚ್)₂. ಕ್ಯಾಲ್ಸಿಯಂಗೆ ಪ್ಲಸ್ 2 ಒಂದೇ, ಅದರ ಹೆಸರಿನಲ್ಲಿ ನಂಬರ್ ಇಲ್ಲ. ಕಾಪರ್‌ಗೆ ಇದೆ. ಒಂದೇ ಡ್ರಮ್ಮಿನಲ್ಲಿ ಎರಡೂ ನಿಯಮಗಳು ಸಿಕ್ಕಿದವು.

ಸುಣ್ಣ ಸಾಕಾಯಿತಾ ಎಂದು ನೋಡಲು ಹಿರಿಯರು ಹೊಳೆಯುವ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಎಂದರ್ಥ. ಅಲ್ಲಿ ಆಗುವುದೇನು? ಸುಣ್ಣದೊಂದಿಗೆ ಸೇರದೆ ಉಳಿದ ಕಾಪರ್ ಪ್ಲಸ್ 2 ಅಯಾನು ಕತ್ತಿಯ ಕಬ್ಬಿಣದಿಂದ ಎರಡು ಇಲೆಕ್ಟ್ರಾನ್ ಪಡೆದು ಬರೀ ತಾಮ್ರವಾಗಿ ಕತ್ತಿಗೆ ಅಂಟುತ್ತದೆ. ಕಬ್ಬಿಣ ಎರಡು ಇಲೆಕ್ಟ್ರಾನ್ ಕೊಟ್ಟು ಪ್ಲಸ್ 2 ಆಗಿ ನೀರಿಗೆ ಇಳಿಯುತ್ತದೆ. ಸಲ್ಫೇಟಿನ ಜೊತೆಗಾರ ಬದಲಾಯಿತು ಅಷ್ಟೇ. ಈಗ ಅದು ಐರನ್ ಟು ಸಲ್ಫೇಟ್, ತ್ರೀ ಅಲ್ಲ. ಗಿಡಕ್ಕೆ ಹಾನಿ ಮಾಡುವುದು ಹೀಗೆ ಒಂಟಿಯಾಗಿ ಉಳಿದ ಕಾಪರ್. ಕಬ್ಬಿಣದ ಡ್ರಮ್ಮಿನಲ್ಲಿ ತುತ್ತು ಕರಗಿಸಬಾರದು ಎನ್ನುವುದಕ್ಕೂ ಕತ್ತಿಯ ಮೇಲೆ ಆದ ಕ್ರಿಯೆಯೇ ಕಾರಣ, ಡ್ರಮ್ಮೂ ಕತ್ತಿಯ ಹಾಗೆಯೇ ತಾಮ್ರ ಹಿಡಿಯುತ್ತದೆ.

ಭಾಗಿಸಿದಾಗ ಪೂರ್ಣ ಸಂಖ್ಯೆ ಬರದಿದ್ದರೆ ಏನು ಮಾಡುವುದು ಎಂದು ನೀವು ಕೇಳಿಲ್ಲ. ಆದರೆ ಸದ್ಯದಲ್ಲೇ ಎದುರಾಗುತ್ತದೆ, ಅದೂ ನಿಮ್ಮ ಕಾರ್ಕಳದ ಪಕ್ಕದ ಗುಡ್ಡದಿಂದಲೇ. ಕುದುರೆಮುಖದ ಅದಿರು ಮುಖ್ಯವಾಗಿ ಮ್ಯಾಗ್ನೆಟೈಟ್. ಗಣಿ 2005ರ ಕೊನೆಗೆ ನಿಲ್ಲುವ ತನಕ ಅದನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಪಣಂಬೂರಿಗೆ ಇಳಿಸುತ್ತಿದ್ದರು. ಸೂತ್ರ ಎಫ್‌ಇ₃ಓ₄. ನಾಲ್ಕು ಆಕ್ಸೈಡ್, ಮೈನಸ್ 8. ಮೂರು ಐರನ್. ಎಂಟನ್ನು ಮೂರಕ್ಕೆ ಹಂಚಿದರೆ ಎರಡೂ ಮುಕ್ಕಾಲರ ಹತ್ತಿರ ಏನೋ ಬರುತ್ತದೆ. ಅಯಾನಿನ ಮೇಲೆ ಅಂಥ ಚಾರ್ಜ್ ಇರುವುದಿಲ್ಲ. ಹೀಗೆ ಬಂದರೆ ಅಲ್ಲಿ ಎರಡು ಬಗೆಯ ಐರನ್ ಇದೆ ಎಂದು ತಿಳಿಯಬೇಕು. ಬಿಲ್ ಎಂಟು, ಒಬ್ಬಳು 2 ಕೊಟ್ಟಳು, ಉಳಿದಿಬ್ಬರು 3, 3 ಕೊಟ್ಟರು. ಹೆಸರಿನಲ್ಲಿ ಎರಡನ್ನೂ ಕಾಮಾ ಹಾಕಿ ಬರೆಯುತ್ತಾರೆ, ಐರನ್ ಟು, ತ್ರೀ ಆಕ್ಸೈಡ್. ಮ್ಯಾಗ್ನೆಟೈಟನ್ನು ಗಾಳಿಯಲ್ಲಿ ಬೇಯಿಸಿ ಪೆಲೆಟ್ ಉಂಡೆ ಮಾಡುವಾಗ ಆ ಪ್ಲಸ್ 2ರ ಐರನ್ ಕೂಡ ಪ್ಲಸ್ 3 ಆಗುತ್ತದೆ. ಆಗ ಉಳಿಯುವುದು ಬರೀ ಐರನ್ ತ್ರೀ ಆಕ್ಸೈಡ್, ಎಫ್‌ಇ₂ಓ₃.

ಕೊನೆಗೆ, ಟ್ರಾನ್ಸಿಶನ್ ಲೋಹ ಋಣ ಅಯಾನಿನೊಳಗೆ ಅಡಗಿ ಕೂತಿರುವ ಸಂಯುಕ್ತಗಳು. ಕೆಎಂಎನ್ಓ₄ ನೋಡಿ ‘ಪೊಟ್ಯಾಸಿಯಂ ಮ್ಯಾಂಗನೀಸ್ ಆಕ್ಸೈಡ್’ ಎಂದು ಬರೆಯುವವರಿದ್ದಾರೆ. ಎಂಎನ್ಓ₄ ಒಂದು ಗಂಟು, ಪರ್ಮಾಂಗನೇಟ್, ಮೈನಸ್ 1. ಹೆಸರು ಪೊಟ್ಯಾಸಿಯಂ ಪರ್ಮಾಂಗನೇಟ್, ಮುಗಿಯಿತು. ಪೊಟ್ಯಾಸಿಯಂಗೆ ನಂಬರ್ ಇಲ್ಲ, ಒಳಗಿನ ಮ್ಯಾಂಗನೀಸಿನ 7ನ್ನೂ ಶಾಲೆಯ ಹೆಸರಿನಲ್ಲಿ ಬರೆಯುವುದಿಲ್ಲ. ಹಳದಿ ಕ್ರೋಮೇಟ್, ಕಿತ್ತಳೆ ಡೈಕ್ರೋಮೇಟ್ ಎರಡೂ ಹೀಗೆಯೇ, ಎರಡೂ ಮೈನಸ್ 2. ಆದರೆ ಹೊರಗಿರುವ ಲೋಹ ಚಾರ್ಜ್ ಬದಲಿಸುವಂಥದ್ದಾದರೆ ಅದಕ್ಕೆ ನಂಬರ್ ಬೇಕು. ಸಿಯುಸಿಆರ್ಓ₄ ಬಂದರೆ ಕಾಪರ್ ಟು ಕ್ರೋಮೇಟ್ ಎಂದು ಬರೆಯಿರಿ.

ಇವತ್ತು ಸಂಜೆ ಇಷ್ಟು ಮಾಡಿ ನೋಡಿ. ಸಿಆರ್₂ಓ₃, ಎನ್ಐ(ಓಎಚ್)₂, ಎಫ್‌ಇಪಿಓ₄ ಇವುಗಳ ಹೆಸರು ಬರೆಯಿರಿ. ಕಾಪರ್ ಒನ್ ಸಲ್ಫೈಡ್, ಕೋಬಾಲ್ಟ್ ಟು ನೈಟ್ರೇಟ್, ವೆನೇಡಿಯಂ ಫೈವ್ ಆಕ್ಸೈಡ್ ಇವುಗಳ ಸೂತ್ರ ಬರೆಯಿರಿ. ಉತ್ತರ ನೋಡುವ ಮೊದಲು ಪ್ರತಿಯೊಂದರಲ್ಲೂ ಒಟ್ಟು ಮೈನಸ್ ಎಷ್ಟೆಂದು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಹೆಸರುಗಳು ಕ್ರಮವಾಗಿ ಕ್ರೋಮಿಯಂ ತ್ರೀ ಆಕ್ಸೈಡ್, ನಿಕ್ಕಲ್ ಟು ಹೈಡ್ರಾಕ್ಸೈಡ್, ಐರನ್ ತ್ರೀ ಫಾಸ್ಫೇಟ್. ಮೂರನೆಯದಕ್ಕೆ ‘ಐರನ್ ಒನ್’ ಎಂದು ಬರೆದಿದ್ದರೆ ಫಾಸ್ಫೇಟಿನ ಮೈನಸ್ 3 ಮರೆತಿದ್ದೀರಿ, ಮತ್ತೊಮ್ಮೆ ಮಾಡಿ. ಸೂತ್ರಗಳು ಸಿಯು₂ಎಸ್, ಸಿಓ(ಎನ್ಓ₃)₂, ವಿ₂ಓ₅. ಕೋಬಾಲ್ಟಿನ ಎರಡನೇ ಅಕ್ಷರ ಸಣ್ಣದಾಗಿ ಇದೆಯಾ ಎಂದು ಒಮ್ಮೆ ನೋಡಿಕೊಳ್ಳಿ.